ಕಾಟಿಪಳ್ಳದಲ್ಲಿ ಇಂಗ್ಲಿಷ್‌ನ ಮೊದಲ ಪಾಠ

ಎದುರು ಸಿಕ್ಕವರಿಗೆ ವಂದಿಸುವುದು, ಹೆಸರು ಊರು ಹೇಳುವುದು, ಅವರ ಹೆಸರು ಊರು ಕೇಳುವುದು: ಯಾವ ದೇಶದಲ್ಲಾದರೂ ಇಂಗ್ಲಿಷ್ ಕಲಿಕೆ ಇಲ್ಲಿಂದಲೇ ಶುರುವಾಗುತ್ತದೆ. ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಭಾಷಾ ಕಲಿಕೆಯ ಚೌಕಟ್ಟಿನಲ್ಲಿಯೂ ‘ಎ1’ ಎಂಬ ಮೊದಲ ಹಂತದಲ್ಲಿ ಮುಖ್ಯವಾಗಿ ಇರುವುದು ಇದೇ. ಆದರೆ ಕಲಿಯುವವರ ಮನೆಮಾತು ಬದಲಾದಂತೆ ತೊಡಕುಗಳೂ ಬದಲಾಗುತ್ತವೆ. ಸ್ಪ್ಯಾನಿಷ್ ಮಾತಾಡುವವರಿಗಾಗಿ ಬರೆದ ಇಂಗ್ಲಿಷ್ ಪ್ರವೇಶಿಕೆಯನ್ನು ತಂದು ಕಾಟಿಪಳ್ಳದಲ್ಲಿ ಕಲಿಸಲು ಕೂತರೆ, ಅದು ಪುಟಗಟ್ಟಲೆ ಎಚ್ಚರಿಸುವ ಕೆಲವು ತಪ್ಪುಗಳನ್ನು ಇಲ್ಲಿ ಯಾರೂ ಮಾಡುವುದಿಲ್ಲ. ಇಲ್ಲಿ ದಿನವೂ ಕೇಳಿಬರುವ ತಪ್ಪುಗಳ ಸುದ್ದಿ ಅದರಲ್ಲಿ ಇರುವುದಿಲ್ಲ. ದೊಡ್ಡವರಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಟ್ಟ ಅನುಭವದಿಂದ ದೊರೆತ ತಿಳಿವಳಿಕೆ ಈ ಲೇಖನದ ಆಧಾರ.

ಕಾಟಿಪಳ್ಳ ಸುರತ್ಕಲ್‌ಗೆ ಹೊಂದಿಕೊಂಡ, ತುಳು, ಬ್ಯಾರಿ, ಕೊಂಕಣಿ, ಕನ್ನಡ ಒಂದೇ ರಸ್ತೆಯಲ್ಲಿ ಕೇಳುವ ಊರು. ಪಾಠಕ್ಕೆ ಬರುವವರಲ್ಲಿ ಗಲ್ಫ್‌ಗೆ ಹೊರಟ ಯುವಕರು ಇರುತ್ತಾರೆ, ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳ ತಾಯಂದಿರು ಇರುತ್ತಾರೆ, ಬೈಕಂಪಾಡಿಯ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವವರು ಇರುತ್ತಾರೆ. ರಾಜ್ಯದ ಕನ್ನಡ ಮಾಧ್ಯಮ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007-08ರಲ್ಲಿ. ಅದಕ್ಕಿಂತ ಮೊದಲು ಓದಿದವರಿಗೆ ಐದನೇ ತರಗತಿಯಲ್ಲಿ ಎಬಿಸಿಡಿ. ಹೀಗಾಗಿ ಇವರನ್ನು ಏನೂ ಬಾರದವರೆಂದು ಎಣಿಸಬಾರದು. ಅಕ್ಷರ ಗೊತ್ತು, ನೂರಾರು ಪದ ಗೊತ್ತು. ಬಾಯಿಬಿಟ್ಟು ಒಂದು ವಾಕ್ಯ ಹೇಳುವ ಸಂದರ್ಭ ಮಾತ್ರ ಒದಗಿರುವುದಿಲ್ಲ.

ವಂದನೆಯಿಂದ ಆರಂಭಿಸಬಹುದು. ‘ನಮಸ್ಕಾರ’ಕ್ಕೆ ಹೊತ್ತುಗೊತ್ತಿಲ್ಲ, ‘ಅಸ್ಸಲಾಮು ಅಲೈಕುಂ’ಗೂ ಇಲ್ಲ. ಇಂಗ್ಲಿಷ್ ದಿನವನ್ನು ಹೋಳು ಮಾಡುತ್ತದೆ: ಮಧ್ಯಾಹ್ನದವರೆಗೆ ಗುಡ್ ಮಾರ್ನಿಂಗ್, ಆಮೇಲೆ ಗುಡ್ ಆಫ್ಟರ್‌ನೂನ್, ಸಂಜೆಯಾದರೆ ಗುಡ್ ಈವ್ನಿಂಗ್. ಗುಡ್ ನೈಟ್ ಮಾತ್ರ ಹೊರಡುವಾಗ ಇಲ್ಲವೇ ಮಲಗುವಾಗ ಹೇಳುವ ಮಾತು. ರಾತ್ರಿ ಒಂಬತ್ತಕ್ಕೆ ಒಬ್ಬರನ್ನು ಭೇಟಿಯಾದರೂ ಹೇಳಬೇಕಾದ್ದು ಗುಡ್ ಈವ್ನಿಂಗ್ ಎಂದೇ. ಇದರಲ್ಲಿ ಸ್ಪ್ಯಾನಿಷ್‌ನವರೂ ಇಲ್ಲಿಯವರೂ ಸಮಾನರು. ಅವರ ‘ಬ್ವೆನಸ್ ನೊಚೆಸ್’ ರಾತ್ರಿ ಭೇಟಿಯಾದಾಗಲೂ ಸಲ್ಲುತ್ತದೆ, ಬೀಳ್ಕೊಡುವಾಗಲೂ ಸಲ್ಲುತ್ತದೆ. ಆದ್ದರಿಂದ ಅವರೂ ಕೋಣೆಗೆ ಕಾಲಿಡುತ್ತಲೇ ‘ಗುಡ್ ನೈಟ್’ ಎನ್ನುವುದುಂಟು.

ಕರಾವಳಿಯಲ್ಲಿ ನಿಜವಾದ ವಂದನೆ ಪ್ರಶ್ನೆಯ ರೂಪದಲ್ಲಿರುತ್ತದೆ: ‘ಒಣಸ್ ಆಂಡಾ?’, ‘ಊಟ ಆಯ್ತಾ?’. ಇದನ್ನು ಹಾಗೆಯೇ ಇಂಗ್ಲಿಷ್‌ಗೆ ತಂದು ಅಪರಿಚಿತರನ್ನು ಕೇಳಿದರೆ ಅವರು ಊಟಕ್ಕೆ ಕರೆಯುತ್ತಿದ್ದಾರೆಂದೇ ಭಾವಿಸಬಹುದು. ಆ ಜಾಗದಲ್ಲಿ ಬರಬೇಕಾದ್ದು ‘ಹೌ ಆರ್ ಯೂ?’. ತುಳುವಿನ ‘ಎಂಚ ಉಲ್ಲರ್?’ ಇದಕ್ಕೆ ಸರಿಜೋಡಿ. ಉತ್ತರವಾಗಿ ‘ಐ ಆ್ಯಮ್ ಫೈನ್, ಥ್ಯಾಂಕ್ ಯೂ’ ಎಂದ ಮೇಲೆ ತಿರುಗಿ ‘ಆ್ಯಂಡ್ ಯೂ?’ ಎಂದು ಕೇಳುವುದನ್ನು ಮೊದಲ ದಿನವೇ ರೂಢಿಸಬೇಕು. ಅದಿಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಹೊರಡುವಾಗ ‘ಹೋಗಿ ಬರ್ತೇನೆ’ ಎನ್ನುವ ಅಭ್ಯಾಸ ‘ಐ ವಿಲ್ ಗೋ ಆ್ಯಂಡ್ ಕಮ್’ ಆಗಿಬಿಟ್ಟರೆ ಕೇಳಿದವರು ಕಾದು ಕೂರುತ್ತಾರೆ. ‘ಸೀ ಯೂ’ ಅಥವಾ ‘ಬೈ’ ಸಾಕು. ಬರೇ ಹೋಗುತ್ತೇನೆ ಎನ್ನಬಾರದು ಎಂಬ ನಮ್ಮ ಭಾವನೆ ‘ಸೀ ಯೂ’ದಲ್ಲಿ ಉಳಿದುಕೊಳ್ಳುತ್ತದೆ ಎಂದು ತಿಳಿಸಿದರೆ ಹಿರಿಯ ಹೆಂಗಸರು ಅದನ್ನು ಸಂತೋಷದಿಂದ ಒಪ್ಪುತ್ತಾರೆ.

ಪರಿಚಯಕ್ಕೆ ಬಂದರೆ ವ್ಯಾಕರಣದ ಮೊದಲ ದೊಡ್ಡ ವಿಷಯ ಎದುರಾಗುತ್ತದೆ. ‘ನನ್ನ ಹೆಸರು ಸುಜಾತ’ ಎಂದರೆ ಕನ್ನಡದಲ್ಲಿ ವಾಕ್ಯ ಮುಗಿಯಿತು. ‘ಎನ್ನ ಪುದರ್ ಸುಜಾತ’ ಎಂಬ ತುಳು ವಾಕ್ಯದಲ್ಲೂ ಕ್ರಿಯಾಪದವಿಲ್ಲ. ಇಂಗ್ಲಿಷ್‌ನಲ್ಲಿ ಹೆಸರಿಗೂ ಸುಜಾತಳಿಗೂ ನಡುವೆ ‘ಈಸ್’ ಇರಲೇಬೇಕು. ಸ್ಪ್ಯಾನಿಷ್‌ನಲ್ಲಿ ಈ ಕೆಲಸಕ್ಕೆ ‘ಸೆರ್’, ‘ಎಸ್ತಾರ್’ ಎಂದು ಎರಡು ಕ್ರಿಯಾಪದಗಳಿವೆ, ಹಾಗಾಗಿ ಅವರು ‘ಈಸ್’ ಅನ್ನು ಬಿಡುವುದು ಕಡಿಮೆ. ಅವರು ಬಿಡುವುದು ಕರ್ತೃವನ್ನು. ‘ಸೊಯ್ ದೆ ಮದ್ರಿದ್’ ಎಂಬಲ್ಲಿ ನಾನು ಎಂಬ ಪದವೇ ಇಲ್ಲ. ಅದು ಕ್ರಿಯಾಪದದೊಳಗೇ ಅಡಗಿದೆ. ನಮ್ಮ ‘ಬಂದೆ’, ‘ಬಂದಳು’ಗಳಲ್ಲಿ ಅಡಗಿರುವಂತೆಯೇ. ಇಂಗ್ಲಿಷ್ ಕ್ರಿಯಾಪದ ಈ ಪ್ರತ್ಯಯಗಳನ್ನು ಬಹುಮಟ್ಟಿಗೆ ಕಳೆದುಕೊಂಡಿರುವುದರಿಂದ ಐ, ಯೂ, ಹೀ, ಶೀ ಹೇಳದೆ ವಿಧಿಯಿಲ್ಲ. ಈ ಕಾರಣವನ್ನು ಒಮ್ಮೆ ಬಿಡಿಸಿ ಹೇಳಿದರೆ ನಿಯಮವನ್ನು ಬಾಯಿಪಾಠ ಮಾಡಿಸುವ ಅಗತ್ಯ ಬೀಳುವುದಿಲ್ಲ.

ಆ್ಯಮ್, ಈಸ್, ಆರ್ ಪಟ್ಟಿಯನ್ನು ಸಾಮೂಹಿಕವಾಗಿ ಹಾಡಿಸುವುದರಿಂದ ಪ್ರಯೋಜನ ಕಡಿಮೆ. ಪ್ರತಿಯೊಬ್ಬರೂ ತಮ್ಮ ಮನೆಯವರು ಈಗ ಎಲ್ಲೆಲ್ಲಿದ್ದಾರೆಂದು ಹೇಳತೊಡಗಿದಾಗ ಮೂರೂ ತಾವಾಗಿ ಬರುತ್ತವೆ: ‘ಐ ಆ್ಯಮ್ ಇನ್ ಕಾಟಿಪಳ್ಳ. ಮೈ ಸನ್ ಈಸ್ ಇನ್ ದುಬೈ. ಮೈ ಪೇರೆಂಟ್ಸ್ ಆರ್ ಇನ್ ಸುರತ್ಕಲ್.’ ಇಲ್ಲಿಯ ಬಹಳಷ್ಟು ಮನೆಗಳ ನಿಜಸ್ಥಿತಿ ಇದೇ ಆದ್ದರಿಂದ ಯಾರಿಗೂ ವಾಕ್ಯ ಹುಡುಕಬೇಕಾಗುವುದಿಲ್ಲ. ಇದರ ಬೆನ್ನಿಗೇ ಇನ್ನೊಂದು ತಪ್ಪು ಬರುತ್ತದೆ. ಆ್ಯಮ್ ಚೆನ್ನಾಗಿ ಕಲಿತವರು ಅದನ್ನು ಎಲ್ಲ ಕ್ರಿಯಾಪದಗಳಿಗೂ ಅಂಟಿಸುತ್ತಾರೆ: ‘ಐ ಆ್ಯಮ್ ಲಿವ್’, ‘ಐ ಆ್ಯಮ್ ವರ್ಕ್’. ಇದು ಕಲಿಕೆ ಮುಂದುವರಿಯುತ್ತಿರುವ ಗುರುತು, ಗದರಿಸುವ ವಿಷಯವಲ್ಲ.

‘ವೇರ್ ಆರ್ ಯೂ ಫ್ರಮ್?’ ಎಂಬ ಪ್ರಶ್ನೆ ಪಠ್ಯಪುಸ್ತಕಗಳಲ್ಲಿ ಒಂದೇ ಸಾಲಿನ ಉತ್ತರ ಬಯಸುತ್ತದೆ. ಕಾಟಿಪಳ್ಳದಲ್ಲಿ ಹಲವರಿಗೆ ಎರಡು ಉತ್ತರಗಳಿವೆ. ಪಣಂಬೂರಿನಲ್ಲಿ ನವಮಂಗಳೂರು ಬಂದರು ಕಟ್ಟುವಾಗ ಭೂಮಿ ಮನೆ ಬಿಟ್ಟುಕೊಟ್ಟ ಕುಟುಂಬಗಳಿಗೆ ಪುನರ್ವಸತಿ ಕಲ್ಪಿಸಿದ್ದು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ. ಆ ಬಂದರು 1974ರ ಮೇ 4ರಂದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು. ಬ್ಲಾಕ್ ಸಂಖ್ಯೆಗಳಿಂದ ಗುರುತಿಸುವ ಇಲ್ಲಿಯ ವಿಳಾಸಗಳು ಆ ಪುನರ್ವಸತಿಯಿಂದ ಬಂದವು. ಹೀಗಾಗಿ ‘ಐ ಆ್ಯಮ್ ಫ್ರಮ್ ಕಾಟಿಪಳ್ಳ’ದ ಪಕ್ಕದಲ್ಲಿ ‘ಮೈ ಗ್ರ್ಯಾಂಡ್‌ಫಾದರ್ ವಾಸ್ ಫ್ರಮ್ ಪಣಂಬೂರು’ ಎಂಬ ವಾಕ್ಯ ಬೇಕಾಗುತ್ತದೆ. ಸಾಮಾನ್ಯವಾಗಿ ಪುಸ್ತಕದ ನಡುಭಾಗದಲ್ಲಿ ಬರುವ ‘ವಾಸ್’, ‘ವರ್’ ಇಲ್ಲಿ ಮೊದಲ ವಾರದಲ್ಲೇ ಬಂದರೆ ಒಳ್ಳೆಯದು. ತಮ್ಮ ಹಳೆಯ ಊರಿನ ಬಗ್ಗೆ ಹೇಳಲು ಜನರಿಗೆ ಬಹಳ ಇದೆ, ‘ದೇರ್ ವಾಸ್ ಎ ವೆಲ್’, ‘ದೇರ್ ವರ್ ಕೋಕನಟ್ ಟ್ರೀಸ್’ ಎಂದು ಅವರು ತಡವರಿಸಿಯಾದರೂ ಮುಂದುವರಿಸುತ್ತಾರೆ. ‘ಐ ಲಿವ್ ಇನ್ ಸೆವೆಂತ್ ಬ್ಲಾಕ್’ ಎನ್ನಲು ಫಸ್ಟ್, ಸೆಕೆಂಡ್, ಥರ್ಡ್ ಕೂಡ ಬೇಗ ಬೇಕು.

ಹೆಸರಿನ ವಿಚಾರ ಕಾಣುವಷ್ಟು ಸುಲಭವಲ್ಲ. ಫಾರಂಗಳಲ್ಲಿ ‘ಗಿವನ್ ನೇಮ್’, ‘ಸರ್‌ನೇಮ್’ ಎಂಬ ಎರಡು ಖಾನೆಗಳಿರುತ್ತವೆ. ಬಂಗೇರ, ಸಾಲ್ಯಾನ್, ಶೆಟ್ಟಿ, ಡಿಸೋಜ ಎಂದಿರುವವರಿಗೆ ಚಿಂತೆಯಿಲ್ಲ. ತಂದೆಯ ಹೆಸರನ್ನು ಇನಿಷಿಯಲ್ ಆಗಿ ಮಾತ್ರ ಬಳಸುವವರು, ಒಂದೇ ಹೆಸರಿರುವವರು ತೊಡಕಿಗೆ ಸಿಕ್ಕುತ್ತಾರೆ. 2022ರ ನವೆಂಬರ್‌ನಲ್ಲಿ ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿರುವ ಭೇಟಿ ವೀಸಾದವರಿಗೆ ಯುಎಇ ಪ್ರವೇಶವಿಲ್ಲವೆಂದು ವಿಮಾನ ಸಂಸ್ಥೆಗಳು ಪ್ರಕಟಿಸಿದವು. ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಸಾಕೆಂಬ ಸ್ಪಷ್ಟನೆ ಆಮೇಲೆ ಬಂತು. ಗಲ್ಫ್ ನಂಬಿದ ಊರಿನಲ್ಲಿ ಇದು ವ್ಯಾಕರಣಕ್ಕಿಂತ ಮೊದಲು ಹೇಳಬೇಕಾದ ಸಂಗತಿ. ಸ್ಪ್ಯಾನಿಷ್ ಲೋಕದಲ್ಲಿ ತೊಡಕು ಇನ್ನೊಂದು ಬಗೆಯದು. ಅಲ್ಲಿ ತಂದೆಯ ಕಡೆಯದೊಂದು, ತಾಯಿಯ ಕಡೆಯದೊಂದು ಕುಲನಾಮ. ಗೇಬ್ರಿಯಲ್ ಗಾರ್ಸಿಯಾ ಮಾರ್ಕೆಸ್ ಎಂಬಲ್ಲಿ ಗಾರ್ಸಿಯಾ ತಂದೆಯದು, ಮಾರ್ಕೆಸ್ ತಾಯಿಯದು. ಇಂಗ್ಲಿಷ್‌ನವರು ಕೊನೆಯದನ್ನಷ್ಟೇ ಹಿಡಿದು ಅವರನ್ನು ಮಿಸ್ಟರ್ ಮಾರ್ಕೆಸ್ ಎಂದು ಕರೆದುಬಿಡುತ್ತಾರೆ.

ವಯಸ್ಸು, ಹಸಿವುಗಳನ್ನು ಹೇಳುವ ರೀತಿಯಲ್ಲಿ ಮೂರು ಭಾಷೆಗಳೂ ಮೂರು ದಾರಿ ಹಿಡಿಯುತ್ತವೆ. ‘ನನಗೆ ಇಪ್ಪತ್ತು ವರ್ಷ’, ‘ನನಗೆ ಹಸಿವು’ ಎಂದು ಕನ್ನಡ ಚತುರ್ಥಿಯನ್ನು ಬಳಸುತ್ತದೆ. ‘ತೆಂಗೊ’ ಎಂದರೆ ನನ್ನಲ್ಲಿದೆ ಎಂದು ಆರಂಭಿಸುವ ಸ್ಪ್ಯಾನಿಷ್‌ನವರು ತಮ್ಮಲ್ಲಿ ಇಪ್ಪತ್ತು ವರ್ಷ ಇದೆ, ಹಸಿವು ಇದೆ ಎನ್ನುತ್ತಾರೆ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಆ್ಯಮ್: ‘ಐ ಆ್ಯಮ್ ಟ್ವೆಂಟಿ’, ‘ಐ ಆ್ಯಮ್ ಹಂಗ್ರಿ’. ಜ್ವರಕ್ಕೆ ಮಾತ್ರ ‘ಐ ಹ್ಯಾವ್ ಎ ಫೀವರ್’. ಆಸ್ಪತ್ರೆಯಲ್ಲಿ ಬೇಕಾಗುವ ಈ ವಾಕ್ಯವನ್ನು ಮೊದಲೇ ಕಲಿಸಬೇಕು.

ತೀರಾ ಮೊಂಡಾಗಿ ಉಳಿಯುವ ತಪ್ಪು ಗೌರವದಿಂದ ಹುಟ್ಟುತ್ತದೆ. ತಂದೆ, ಅತ್ತೆ, ಟೀಚರ್ ಯಾರನ್ನೂ ಇಲ್ಲಿ ಅವನು, ಅವಳು ಎನ್ನುವುದಿಲ್ಲ. ಅವರು, ತುಳುವಿನಲ್ಲಿ ಆರ್. ಆದ್ದರಿಂದ ‘ದಿಸ್ ಈಸ್ ಮೈ ಫಾದರ್’ ಎಂದ ಕೂಡಲೇ ‘ದೇ ಆರ್ ಎ ಡ್ರೈವರ್’ ಎನ್ನುತ್ತಾರೆ. ತಿದ್ದಿದರೆ ತಂದೆಗೆ ‘ಹೀ’ ಎನ್ನಲು ನಾಲಿಗೆ ಹಿಂಜರಿಯುತ್ತದೆ. ಈ ಹಿಂಜರಿಕೆಯನ್ನು ಕಲಿಸುವವರು ಆದರದಿಂದ ಕಾಣಬೇಕು. ಇಂಗ್ಲಿಷ್ ಗೌರವವನ್ನು ಸರ್ವನಾಮದಲ್ಲಿ ಇಟ್ಟಿಲ್ಲ. ಪ್ಲೀಸ್, ಸರ್, ಮೇಡಂ, ‘ಕುಡ್ ಯೂ’ ಮುಂತಾದ ಮಾತುಗಳಲ್ಲಿ ಇಟ್ಟಿದೆ. ‘ತೂ’, ‘ಉಸ್ತೆದ್’ ಎಂದು ನೀನು, ನೀವುಗಳ ಭೇದವಿರುವ ಸ್ಪ್ಯಾನಿಷ್‌ನವರಿಗೂ ಎಲ್ಲರಿಗೆ ಒಂದೇ ‘ಯೂ’ ಎಂಬುದು ಆರಂಭದಲ್ಲಿ ಒರಟಾಗಿ ಕೇಳುತ್ತದೆ.

ಕೊನೆಗೆ ಪ್ರಶ್ನೆ ಕೇಳುವುದು. ಕನ್ನಡದಲ್ಲಿ ವಾಕ್ಯದ ತುದಿಗೆ ‘ಆ’ ಸೇರಿಸಿದರೆ ಪ್ರಶ್ನೆ, ಸ್ಪ್ಯಾನಿಷ್‌ನಲ್ಲಿ ದನಿ ಏರಿಸಿದರೂ ನಡೆದೀತು. ಇಂಗ್ಲಿಷ್‌ನಲ್ಲಿ ಆ್ಯಮ್, ಈಸ್, ಆರ್ ಇದ್ದರೆ ಅದು ಮುಂದೆ ಬರುತ್ತದೆ. ಬೇರೆ ಕ್ರಿಯಾಪದವಿದ್ದರೆ ಡು ಅಥವಾ ಡಸ್ ಬೇಕು: ‘ಆರ್ ಯೂ ಫ್ರಮ್ ಮಂಗಳೂರು?’, ‘ಡು ಯೂ ಲಿವ್ ಇನ್ ಮಂಗಳೂರು?’. ಹೀ, ಶೀಗಳ ಮುಂದೆ ಕ್ರಿಯಾಪದಕ್ಕೆ ಬರುವ ‘ಸ್’ ಬಹುಕಾಲ ಜಾರಿಹೋಗುತ್ತಿರುತ್ತದೆ. ‘ಶೀ ವರ್ಕ್’ ಎಂದರೂ ಅರ್ಥ ಕೆಡದ ಕಾರಣ ಅದನ್ನು ನಿಧಾನವಾಗಿ ತಿದ್ದಬಹುದು. ‘ಎ’, ‘ಆ್ಯನ್’, ‘ದಿ’ಗಳೂ ಹಾಗೆಯೇ. ಸ್ಪ್ಯಾನಿಷ್‌ನಲ್ಲಿ ಅವಕ್ಕೆ ಸಮನಾದ ಪದಗಳಿವೆ, ದ್ರಾವಿಡ ಭಾಷೆಗಳಲ್ಲಿಲ್ಲ. ಉದ್ಯೋಗ ಹೇಳುವಾಗ ಮಾತ್ರ ‘ಎ’ ಮರೆಯದಂತೆ ಮೊದಲಿನಿಂದ ನೋಡಿಕೊಳ್ಳಬೇಕು: ‘ಐ ಆ್ಯಮ್ ಎ ಟೈಲರ್’, ‘ಹೀ ಈಸ್ ಎ ಡ್ರೈವರ್’. ಸ್ಪ್ಯಾನಿಷ್‌ನವರು ಕೂಡ ಉದ್ಯೋಗದ ಮುಂದೆ ಅದನ್ನು ಬಿಟ್ಟೇ ಹೇಳುವುದರಿಂದ ಅವರಿಗೂ ಇದೇ ಅಭ್ಯಾಸ ಬೇಕು. ಉಳಿದ ಕಡೆಗಳ ‘ಎ’, ‘ದಿ’ ನಿಯಮಗಳನ್ನು ಎರಡನೇ ಹಂತದ ಪಾಠಕ್ಕೆ ಬಿಡಬಹುದು.