‘ಸರ್ವರ್ ಪ್ರಾಬ್ಲಂ’ ಅನ್ನುವ ಮೊದಲು

ಪಿಎಚ್‌ಪಿ ಬರೆಯುವವರಿಗೆ ಬಿಳಿ ಪುಟ ಹೊಸದಲ್ಲ. ಆದರೆ ಕನ್ನಡದಲ್ಲಿ ಹೆಸರು ತುಂಬಿದವರಿಗೆ ಮಾತ್ರ ಬಿಳಿ ಪುಟ ಬರುತ್ತದೆ ಅಂದಾಗ ನನಗೆ ಪಿತ್ತ ನೆತ್ತಿಗೇರಿತ್ತು.

ಅದೊಂದು ಸಹಕಾರ ಸಂಘದ ಸದಸ್ಯತ್ವದ ಅರ್ಜಿ. ಸೈಟನ್ನು ಮೈಎಸ್‌ಕ್ಯುಎಲ್ 5.7 ಇದ್ದ ಹೊಸ ಸರ್ವರ್‌ಗೆ ಸಾಗಿಸಿದ್ದು ಹೋಸ್ಟಿಂಗ್‌ನವರು; ಕೋಡ್ ಬರೆದಿದ್ದು ನನಗಿಂತ ಮೊದಲಿದ್ದ ಮಹಾನುಭಾವ. ಕೇಳಿದರೆ ಹೋಸ್ಟಿಂಗ್‌ನವರು ‘ನಿಮ್ಮ ಕೋಡ್ ನೋಡ್ಕೊಳ್ಳಿ’ ಅಂದರು. ಕಾರ್ಯದರ್ಶಿಗಳು ಇನ್ನೂ ಮುಂದೆ ಹೋದರು: ‘ಎಲ್ರಿಗೂ ಇಂಗ್ಲಿಷಲ್ಲೇ ತುಂಬಕ್ಕೆ ಹೇಳಿ, ಮುಗೀತಲ್ಲ.’

ಕೊನೆಯ ದಿನದ ಹಿಂದಿನ ರಾತ್ರಿ ಕೂತೆ. ಡಿಸ್‌ಪ್ಲೇ_ಎರರ್ಸ್ ಆನ್ ಮಾಡಿ, ಎರರ್_ರಿಪೋರ್ಟಿಂಗ್ ಅನ್ನು ಇ_ಆಲ್‌ಗೆ ಏರಿಸಿದೆ. ಪುಟ ಬಿಳಿಯೇ. ಎರರ್ ಲಾಗ್‌ನಲ್ಲಿ ಆ ಹೊತ್ತಿನ ಒಂದು ಸಾಲೂ ಇಲ್ಲ. ಕ್ವೆರಿಯ ಮುಂದೆ ಬಾಯಿ ಮುಚ್ಚಿಸುವ @ ಅಂಟಿಸಿದ್ದ ಪುಣ್ಯಾತ್ಮ, ಕಿತ್ತೆಸೆದೆ. ಏನೂ ಬದಲಾಗಲಿಲ್ಲ. ಎರರ್_ಗೆಟ್_ಲಾಸ್ಟ್ ಕರೆದೆ. ತಪ್ಪಿನ ಬಗೆ, ಸಂದೇಶ, ಫೈಲು, ಸಾಲು ನಾಲ್ಕನ್ನೂ ಹೇಳಬೇಕಾದ ಫಂಕ್ಷನ್ ಅದು. ಕೊಟ್ಟಿದ್ದು ನಲ್. ಪಿಎಚ್‌ಪಿ ಲೆಕ್ಕದಲ್ಲಿ ತಪ್ಪೇ ನಡೆದಿರಲಿಲ್ಲ! ಆಗಿನ ಮೈಎಸ್‌ಕ್ಯುಎಲ್‌ಐ, ಕ್ವೆರಿ ಸೋತರೆ ಸುಮ್ಮನೆ ಫಾಲ್ಸ್ ಕೊಟ್ಟು ಕೂರುತ್ತಿತ್ತು. ಕಾರಣ ಬೇಕಿದ್ದವರು ಮೈಎಸ್‌ಕ್ಯುಎಲ್‌ಐ_ಎರರ್ ಕರೆದು ಕೇಳಬೇಕು. ಕೇಳಿದೆ. ಅಲ್ಲೂ ಖಾಲಿ.

ಸಾಲು ಸಾಲಾಗಿ ಓದಿದ ಮೇಲೆ ಸಿಕ್ಕಿತು. ಸೋತ ಕ್ವೆರಿಯ ಬೆನ್ನಿಗೇ ರೋಲ್‌ಬ್ಯಾಕ್, ಅದೂ ಇನ್ನೊಂದು ಕ್ವೆರಿಯಾಗಿ. ಅದು ಗೆದ್ದಿತ್ತು, ಹಿಂದಿನದರ ಸಂದೇಶವನ್ನು ಒರೆಸಿಹಾಕಿತ್ತು. ಆಮೇಲೆ ನೇರ ಎಕ್ಸಿಟ್. ರೋಲ್‌ಬ್ಯಾಕ್‌ಗಿಂತ ಮೊದಲೇ ಸಂದೇಶ ಹಿಡಿದು ಲಾಗ್‌ಗೆ ಬರೆಸಿದೆ. ಬಂತು: 1366, ‘ಇನ್‌ಕರೆಕ್ಟ್ ಸ್ಟ್ರಿಂಗ್ ವ್ಯಾಲ್ಯೂ’. ಪಕ್ಕದಲ್ಲೇ ಇ0, ಬಿ2, ಬಿ6. ಪರೀಕ್ಷೆಗೆಂದು ನಾನು ತುಂಬಿದ್ದ ‘ಶಾರದಮ್ಮ’ನ ‘ಶ’ದ ಮೂರು ಬೈಟ್‌ಗಳು!

ಹೆಸರಿನ ಕಾಲಂ ಲ್ಯಾಟಿನ್1ರಲ್ಲಿತ್ತು. 5.7ರಲ್ಲಿ ಸ್ಟ್ರಿಕ್ಟ್ ಮೋಡ್ ಡೀಫಾಲ್ಟ್, ಹಾಗಾಗಿ ಹಿಡಿಸದ ಅಕ್ಷರವನ್ನು ಒಳಗೆ ಬಿಡಲಿಲ್ಲ. ಹಳೆಯ ಸರ್ವರ್ ತೆಪ್ಪಗೆ ಪ್ರಶ್ನಾರ್ಥಕ ಚಿಹ್ನೆ ಮಾಡಿ ನುಂಗುತ್ತಿತ್ತು. ಟೇಬಲ್‌ನಲ್ಲಿ ಹಳೆಯ ಕನ್ನಡದ ಹೆಸರುಗಳೆಲ್ಲ ‘????’. ಯುಟಿಎಫ್8ಎಂಬಿ4ಗೆ ಬದಲಿಸಿದೆ, ಹೊಸ ಅರ್ಜಿಗಳು ಹೋದವು. ಹಳೆಯವನ್ನು ಕಾಗದ ನೋಡಿ ಮತ್ತೆ ಟೈಪ್ ಮಾಡಿಸುವ ಕೆಲಸ ಕಾರ್ಯದರ್ಶಿಗಳ ಪಾಲಿಗೆ ಬಂತು. ಬರಲಿ.

ನಿಮಗೆ ಹೇಳುವುದಿಷ್ಟು. ಜನ ಬಳಸುವ ಸೈಟಿನಲ್ಲಿ ಡಿಸ್‌ಪ್ಲೇ_ಎರರ್ಸ್ ಆಫ್, ಲಾಗ್_ಎರರ್ಸ್ ಆನ್ ಇರಲಿ. ಫೇಟಲ್ ಎರರ್ ಹಿಡಿಯಲು ರಿಜಿಸ್ಟರ್_ಶಟ್‌ಡೌನ್_ಫಂಕ್ಷನ್ ಒಳಗೆ ಎರರ್_ಗೆಟ್_ಲಾಸ್ಟ್ ಕರೆಯಿರಿ. ಪಾರ್ಸ್ ಎರರ್ ಇರುವ ಫೈಲಿನಲ್ಲೇ ಐಎನ್‌ಐ_ಸೆಟ್ ಬರೆದು ಪ್ರಯೋಜನವಿಲ್ಲ, ಆ ಫೈಲು ಓಡುವುದೇ ಇಲ್ಲ. ಪಿಎಚ್‌ಪಿ 8.1ರಿಂದ ಮೈಎಸ್‌ಕ್ಯುಎಲ್‌ಐ ತಾನಾಗಿಯೇ ಎಕ್ಸೆಪ್ಷನ್ ಎಸೆಯುತ್ತದೆ. ಆದರೆ ಅದಕ್ಕೂ ಖಾಲಿ ಕ್ಯಾಚ್ ಬರೆದಿಟ್ಟು ಹೋಗುವ ಮಹಾನುಭಾವರಿಗೆ ಯಾವ ವರ್ಶನ್‌ನಲ್ಲೂ ಮದ್ದಿಲ್ಲ.