ಕೈಫಿಯತ್ತುಗಳು ಮತ್ತು ಕನ್ನಡ ವಿದ್ಯಾರ್ಥಿ

ಗ್ರಂಥಾಲಯ, ವಸ್ತುಸಂಗ್ರಹಾಲಯ, ಪತ್ರಾಗಾರಗಳನ್ನು ಹಳೆಯದನ್ನು ಕಾಪಿಡುವ ಉಗ್ರಾಣಗಳೆಂದು ಭಾವಿಸುವುದು ವಾಡಿಕೆ. ಅವುಗಳನ್ನು ನೋಡಿಬಂದ ವಿದ್ಯಾರ್ಥಿಗಳ ಟಿಪ್ಪಣಿಗಳಲ್ಲಿಯೂ ಬಹುಮಟ್ಟಿಗೆ ಓಲೆಗರಿಗಳ ಪ್ರಾಚೀನತೆಯ ಬಗೆಗಿನ ಬೆರಗು, ಅವುಗಳ ಜೀರ್ಣಾವಸ್ಥೆಯ ಬಗೆಗಿನ ಮರುಕ ಕಾಣುತ್ತವೆ. ಇವೆರಡೂ ಸಹಜವೇ. ಆದರೆ ಅಧ್ಯಯನ ಮೊದಲಾಗುವುದು, ಈ ಬರಹ ಇಲ್ಲಿಗೆ ಬಂದ ಬಗೆ ಯಾವುದು ಎಂಬ ಪ್ರಶ್ನೆಯಿಂದ.

ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿರುವ ಮೆಕೆಂಜಿ ಸಂಗ್ರಹ ಇದಕ್ಕೆ ಉತ್ತಮ ನಿದರ್ಶನ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರು ಸೀಮೆಯ ಸರ್ವೇಕ್ಷಣೆಗೆ ನೇಮಕಗೊಂಡ ಕಾಲಿನ್ ಮೆಕೆಂಜಿ, ನೆಲವನ್ನು ಅಳೆಯುವುದರೊಂದಿಗೆ ಊರೂರಿನ ವೃತ್ತಾಂತಗಳನ್ನೂ ಬರೆಯಿಸಿ ತರಿಸಿದನು. ಕಾವಲಿ ವೆಂಕಟ ಬೊರ್ರಯ್ಯ, ಲಕ್ಷ್ಮಯ್ಯ ಸಹೋದರರು, ಜೈನ ಪಂಡಿತ ಧರ್ಮಯ್ಯ ಮೊದಲಾದ ದೇಶೀಯ ವಿದ್ವಾಂಸರು ಅವನಿಗೆ ನೆರವಾದರು. 1821ರಲ್ಲಿ ಮೆಕೆಂಜಿ ತೀರಿಕೊಂಡ ತರುವಾಯ ಈಸ್ಟ್ ಇಂಡಿಯಾ ಕಂಪನಿ ಈ ಸಂಗ್ರಹವನ್ನು ಕೊಂಡುಕೊಂಡಿತು. ಎಚ್. ಎಚ್. ವಿಲ್ಸನ್ ಸಿದ್ಧಪಡಿಸಿದ ಸೂಚಿ 1828ರಲ್ಲಿ ಪ್ರಕಟವಾಯಿತು. ಒಂದು ಭಾಗ ಲಂಡನ್ನಿಗೆ ಹೋಯಿತು. ದಕ್ಷಿಣದ ಭಾಷೆಗಳ ಸಾಮಗ್ರಿಯಲ್ಲಿ ಹೆಚ್ಚಿನದು ಮದರಾಸನ್ನು ಸೇರಿತು. ಕನ್ನಡನಾಡಿನ ಊರುಗಳ ಕಥೆ ಚೆನ್ನೈನಲ್ಲಿ ದೊರೆಯುವುದರ ಹಿನ್ನೆಲೆ ಇದು.

ಕೈಫಿಯತ್ತು ಎಂದರೆ ಒಂದು ಊರಿನ, ದೇವಾಲಯದ ಅಥವಾ ಪಾಳೆಯಗಾರ ಮನೆತನದ ವೃತ್ತಾಂತ. ಇದನ್ನು ಜನರ ನೇರ ಮಾತೆಂದು ನಂಬುವವರೂ ಕಟ್ಟುಕಥೆಯೆಂದು ತಳ್ಳಿಹಾಕುವವರೂ ಇದ್ದಾರೆ. ಇವೆರಡೂ ಅವಸರದ ತೀರ್ಮಾನಗಳು. ಇಲ್ಲಿ ಕೇಳಿದವನು ಹೊಸ ಪ್ರಭುತ್ವದ ಅಧಿಕಾರಿ. ಹೇಳಿದವರಿಗೆ ತಮ್ಮ ಮಾನ್ಯ, ಉಂಬಳಿ, ಮರ್ಯಾದೆಗಳನ್ನು ಉಳಿಸಿಕೊಳ್ಳುವ ಚಿಂತೆಯೂ ಇದ್ದಿರಬಹುದು. ಬರೆದವನು ಇವರಿಬ್ಬರ ನಡುವೆ ನಿಂತ ಲಿಪಿಕಾರ. ಕೈಫಿಯತ್ತು ಹೆಸರಿಸುವ ಅರಸನ ಕಾಲ, 1886ರಿಂದ ಪ್ರಕಟವಾಗತೊಡಗಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಶಾಸನಕ್ಕೆ ಹೊಂದದಿದ್ದಾಗ 'ತಪ್ಪು' ಎಂದು ಗುರುತುಮಾಡಿ ಮುಂದೆ ಸಾಗುವುದು ಸಾಲದು. ಆ ಅರಸನ ಹೆಸರು ಆ ಊರಿಗೆ ಏಕೆ ಬೇಕಾಯಿತೆಂದು ವಿಚಾರಿಸಬೇಕು. ಆಗ ತಪ್ಪೂ ಒಂದು ಆಧಾರವಾಗುತ್ತದೆ.

ಸೂಚಿಯನ್ನು ಓದುವುದಕ್ಕೂ ಇದೇ ಎಚ್ಚರ ಅಗತ್ಯ. ಭಾಷಾವಾರು ಸೂಚಿಯಲ್ಲಿ ಕನ್ನಡದ ಭಾಗವನ್ನಷ್ಟೇ ನೋಡುವ ವಿದ್ಯಾರ್ಥಿಗೆ, ಬಳ್ಳಾರಿ ಸೀಮೆಯ ಬಗೆಗೆ ತೆಲುಗಿನಲ್ಲಿಯೋ ಮರಾಠಿಯಲ್ಲಿಯೋ ಇರುವ ಬರಹ ಕಣ್ಣಿಗೆ ಬೀಳದು. ವಿಂಗಡಣೆ ದಾರಿ ತೋರುವಂತೆಯೇ ಕೆಲವನ್ನು ಮರೆಮಾಡುತ್ತದೆ. ಹೊರನಾಡಿನ ಕನ್ನಡ ವಿದ್ಯಾರ್ಥಿಗೆ ಇಲ್ಲೊಂದು ವಿಶೇಷ ಅನುಕೂಲವಿದೆ: ತಮಿಳು, ತೆಲುಗು, ಮರಾಠಿಗಳಲ್ಲಿ ಒಂದಾದರೂ ಅವನ ನಿತ್ಯದ ಭಾಷೆ.

ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ 'ಕರ್ನಾಟಕದ ಕೈಫಿಯತ್ತುಗಳು' ಇಂದು ಮುದ್ರಣದಲ್ಲಿದೆ. ಅದನ್ನು ಎದುರಿಗಿಟ್ಟುಕೊಂಡು ಒಂದೇ ಒಂದು ಕೈಫಿಯತ್ತನ್ನು ಮೂಲಪ್ರತಿಯೊಂದಿಗೆ ಹೋಲಿಸಿ ನೋಡುವುದು ಸ್ನಾತಕೋತ್ತರ ತರಗತಿಗೆ ತಕ್ಕ ಅಭ್ಯಾಸ. ಪ್ರತಿಯ ಸಂಖ್ಯೆ, ಲಿಪಿ, ಭಾಷೆ, ಹೇಳಿದವರು, ಬರೆದವರು, ಉಲ್ಲೇಖಿತ ಊರು ಇಷ್ಟನ್ನು ಗುರುತಿಸಿದ ಬಳಿಕ ಬರೆಯುವ ಅನಿಸಿಕೆಗೆ ಬೆರಗಿಗಿಂತ ಹೆಚ್ಚಿನ ಬೆಲೆಯಿದೆ. ಓಲೆ, ಕಾಗದಗಳು ದಿನೇ ದಿನೇ ಸವೆಯುತ್ತಿರುವಾಗ, ಮುಂದಿನ ಓದುಗನಿಗೆ ಇಂಥ ಟಿಪ್ಪಣಿಯೇ ಆಧಾರವಾಗಬಹುದು.