ಟರ್ಕಿ ಕೋಳಿ, ಕಾಕು ಮತ್ತು ಹೀಟ್ ಟ್ರಾನ್ಸ್‌ಫರ್

ನಮ್ಮ ಬೇಡಕಿಹಾಳದಾಗ ಟರ್ಕಿ ಕೋಳಿಯನ್ನು ಓವನ್‌ನಲ್ಲಿ ಇಟ್ಟವರನ್ನು ನಾನು ಕಂಡಿಲ್ಲ. ಆದರೆ ಟೆಕ್ಸಾಸ್‌ನಲ್ಲಿ ಎಂಎಸ್ ಮಾಡುತ್ತಿರುವ ಕಾಕಾನ ಮಗ ಥ್ಯಾಂಕ್ಸ್‌ಗಿವಿಂಗ್ ದಿನ ಫೋನ್ ಮಾಡಿದ. ಇಲ್ಲಿ ರಾತ್ರಿ ಹತ್ತೂವರೆ, ಅಲ್ಲಿ ಬೆಳಿಗ್ಗೆ ಹನ್ನೊಂದು. ಸಂಜೆ ಏಳಕ್ಕೆ ಊಟಕ್ಕೆ ಅವನ ಗೈಡ್ ಸೇರಿ ಎಂಟು ಜನ. ಕೈಯಲ್ಲಿ 6 ಕೆಜಿ ಟರ್ಕಿ. “ತಮ್ಮಾ, ಪೌಂಡಿಗೆ 30 ನಿಮಿಷ ಅಂತಾರ. ಅಂದ್ರ ಆರೂವರೆ ತಾಸಿಗೂ ಜಾಸ್ತಿ. ಈಗ ಒಳಗ ಇಡ್ಲೇನು?”

ನಾನು ಉತ್ತರ ಕೊಡೋದಕ್ಕಿಂತ ಮೊದಲೇ ಪಕ್ಕದಲ್ಲಿದ್ದ ಕಾಕು ಅಂದ್ರು: “ಒಲಿಯೊಳಗ ಗೆಣಸ ಸುಟ್ಟಿಲ್ಲೇನು? ದೊಡ್ಡದು ತಡಾ ಆಗಿ ಬೇಯತೈತಿ ಖರೆ, ಆದ್ರ ತಕ್ಕಡಿ ಹಿಡದು ಲೆಕ್ಕಾ ಹಾಕಿದ್ರ ಕರಕ ಆಕ್ಕೈತಿ.”

ಕಾಕು ಹೇಳಿದ್ದು ನೂರಕ್ಕೆ ನೂರು ಸರಿ. ಒಂದೇ ತೂಕದ ಎರಡು ಗೆಣಸು ತಗೊಳ್ಳಿ, ಒಂದು ಉದ್ದ-ತೆಳ್ಳಗೆ, ಇನ್ನೊಂದು ಗುಂಡಗೆ. ಕೆಂಡದ ಬೂದಿಯಲ್ಲಿ ತೆಳ್ಳಗಿನದೇ ಮೊದಲು ಬೇಯುತ್ತದೆ. ಶಾಖ ಹೊರಗಿನಿಂದ ನಡುವಿನವರೆಗೆ ನಡೆಯಬೇಕಾದ ದೂರ ಮುಖ್ಯ. ವಹನದಲ್ಲಿ ಸಮಯ ಆ ದೂರದ ವರ್ಗಕ್ಕೆ ಅನುಪಾತ: ದಪ್ಪ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು. ಆದರೆ ಆಕಾರ ಬದಲಾಗದೆ ದಪ್ಪ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗಿರುತ್ತದೆ! ಅಂದರೆ ಸಮಯ ಬೆಳೆಯುವುದು ತೂಕದ ಮೂರನೇ ಎರಡು ಘಾತದಂತೆ.

ಪೌಂಡಿಗೆ 30 ನಿಮಿಷದ ಲೆಕ್ಕದ ಮೇಲೆ ಸಿಟ್ಟಾಗಿ ಇದೇ ಸೂತ್ರ ಬರೆದವರು ಸ್ಟ್ಯಾನ್‌ಫರ್ಡ್‌ನ ಕಣ ವೇಗವರ್ಧಕ ಕೇಂದ್ರದ ಮೊದಲ ನಿರ್ದೇಶಕ, ಭೌತವಿಜ್ಞಾನಿ ಪನೋಫ್‌ಸ್ಕಿ. ಪೌಂಡಿನಲ್ಲಿದ್ದ ಅದನ್ನು ಕೆಜಿಗೆ ತಿರುಗಿಸಿದರೆ: ತೂಕವನ್ನು ವರ್ಗ ಮಾಡಿ, ಘನಮೂಲ ತೆಗೆದು, 1.13ರಿಂದ ಗುಣಿಸಿ. ಉತ್ತರ ತಾಸಿನಲ್ಲಿ. 6ರ ವರ್ಗ 36, ಘನಮೂಲ 3.3, ಅಂದರೆ ಸುಮಾರು ಮೂರೂಮುಕ್ಕಾಲು ತಾಸು. ಒಂದೂವರೆ ಕೆಜಿಯ ಕೋಳಿಗೆ ಎರಡು ಲೆಕ್ಕಕ್ಕೂ ಹತ್ತೇ ನಿಮಿಷ ವ್ಯತ್ಯಾಸ, ಅದಕ್ಕೇ ಯಾರಿಗೂ ತಪ್ಪು ಗೊತ್ತಾಗಲ್ಲ. 12 ಕೆಜಿಗೆ ಒಂದು 13 ತಾಸು ಅನ್ನುತ್ತದೆ, ಇನ್ನೊಂದು 6.

ಇನ್ನೊಂದು ಮಾತು, ಹೀಟ್ ಟ್ರಾನ್ಸ್‌ಫರ್ ಕ್ಲಾಸಿನಲ್ಲಿ ನಿದ್ದೆ ಮಾಡದವರಿಗೆ. ಈ ಸೂತ್ರ ಕೋಳಿಯ ಮೈ ತಕ್ಷಣ ಓವನ್ನಿನ ತಾಪಕ್ಕೆ ಬರುತ್ತದೆ ಅಂತ ಅಂದುಕೊಂಡಿದೆ. ಬರೋದಿಲ್ಲ. ಬಿಸಿಗಾಳಿ ಮತ್ತು ವಿಕಿರಣ ಸೇರಿ ಶಾಖ ವರ್ಗಾವಣೆ ಗುಣಾಂಕ 20, ಮಾಂಸದ ವಾಹಕತೆ 0.5, ದೂರ 5 ಸೆಂ.ಮೀ. ಅಂತ ಹಿಡಿದರೆ ಬಯೋಟ್ ಸಂಖ್ಯೆ ಬರೀ 2. ಮೈಯೇ ಶಾಖಕ್ಕೆ ಅಡ್ಡ ನಿಂತಾಗ ಸಮಯ ದೂರದ ವರ್ಗದಷ್ಟು ಜೋರಾಗಿ ಏರುವುದಿಲ್ಲ. ಹಾಗಾಗಿ ನಿಜವಾದ ಘಾತ ಮೂರನೇ ಒಂದು ಮತ್ತು ಮೂರನೇ ಎರಡರ ನಡುವೆ ಎಲ್ಲೋ ಇರುತ್ತದೆ.

ಗಡಿಯಾರ ಬರೀ ಅಂದಾಜು. ತೊಡೆಯ ದಪ್ಪ ಜಾಗದಲ್ಲಿ, ಎಲುಬಿಗೆ ತಾಗದಂತೆ ಥರ್ಮಾಮೀಟರ್ ಚುಚ್ಚಿ, 74 ಡಿಗ್ರಿ ಸೆಲ್ಸಿಯಸ್ ಬಂದರೆ ಬೆಂದಿದೆ. ಎದೆಯ ಮಾಂಸದಲ್ಲೂ ನೋಡಬೇಕು. ಕಡಿಮೆ ಇದ್ದರೆ ಸಾಲ್ಮೊನೆಲ್ಲಾ ಉಳಿಯಬಹುದು; ಪರೀಕ್ಷೆಗೆ ಮುಂಚೆ ವಾಂತಿ-ಭೇದಿ ಬೇಕಾ? ಓವನ್ 163 ಡಿಗ್ರಿಗಿಂತ ಕೆಳಗೆ ಇಡಬಾರದು. ಫ್ರೀಜರ್‌ನಿಂದ ತೆಗೆದದ್ದಾದರೆ ಫ್ರಿಜ್‌ನಲ್ಲಿ ಎರಡು ಕೆಜಿಗೆ ಒಂದು ದಿನದಂತೆ ಮೊದಲೇ ಕರಗಿಸಿರಬೇಕು. ನಡುವೆ ಐಸ್ ಇದ್ದರೆ ಮೇಲಿನ ಲೆಕ್ಕವೆಲ್ಲ ಬುಡಮೇಲು.

ಅಣ್ಣ ಪುಣ್ಯಕ್ಕೆ ಮೂರು ದಿನ ಮೊದಲೇ ಫ್ರಿಜ್‌ಗೆ ಇಳಿಸಿದ್ದ. ಎರಡೂವರೆಗೆ ಓವನ್‌ನಲ್ಲಿಟ್ಟು ಮೂರು ತಾಸಾದ ಮೇಲೆ ಆಗಾಗ ಥರ್ಮಾಮೀಟರ್ ಚುಚ್ಚಿ ನೋಡಿದ. ಮೂರು ತಾಸು ಇಪ್ಪತ್ತು ನಿಮಿಷಕ್ಕೇ ಎರಡೂ ಕಡೆ 74 ದಾಟಿತ್ತು. ಹೊರಗೆ ತೆಗೆದು ಅರ್ಧ ತಾಸು ಹಾಗೇ ಬಿಟ್ಟು ಕೊಯ್ದ. ಮಾರನೇ ದಿನ ಫೋಟೋ ನೋಡಿದ ಕಾಕು ಕೇಳಿದ್ದು ಒಂದೇ: “ಖಾರಾ ಹಾಕಿದ್ದೆಯೋ ಇಲ್ಲೋ?”